ಚುಚ್ಚಕ್ಕನ ಸಹಿ

ಆ ಆಸ್ಪತ್ರೆಯ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಚುಚ್ಚಕ್ಕ ಎಂದೇ. ರಕ್ತ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ಚುಚ್ಚಿದ್ದು ಗೊತ್ತಾಗುವ ಮೊದಲೇ ಹತ್ತಿ ಒತ್ತಿ, "ಆಯ್ತು, ಎದ್ದೇಳಿ" ಅನ್ನುತ್ತಾಳೆ. ಹೆಸರು ಕೇಳಿ ಅಳುವ ಮಕ್ಕಳುಂಟು, ಸೂಜಿಗೆ ಅತ್ತ ಮಕ್ಕಳು ಕಡಿಮೆ.

ಅವಳು ಲ್ಯಾಬಿಗೆ ಬಂದದ್ದು ಗಾಜು ತೊಳೆಯುವ ಕೆಲಸಕ್ಕೆ. ಮೂರು ವರ್ಷ ಸಿಂಕಿನ ಮುಂದೆ ನಿಂತು ಟ್ಯೂಬು, ಸ್ಲೈಡು ತಿಕ್ಕಿದಳು. ತಿಕ್ಕುತ್ತಲೇ ಪಕ್ಕದ ಮೇಜಿನ ಮೇಲೆ ಏನು ನಡೆಯುತ್ತದೆಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಆಮೇಲೆ ಸಂಜೆ ತರಗತಿಗೆ ಹೋಗಿ ಡಿಪ್ಲೊಮಾ ಮಾಡಿಕೊಂಡು ಸಹಾಯಕಿಯಾದಳು, ಸಹಾಯಕಿಯಿಂದ ಟೆಕ್ನಿಷಿಯನ್ ಆದಳು. ಓದುವ ಕಾಲದಲ್ಲಿ ಸೂಜಿ ಹಿಡಿಯುವ ಅಭ್ಯಾಸಕ್ಕೆ ತೋಳು ಚಾಚಿದವರು ಅವಳ ಅತ್ತೆ.

"ಚುಚ್ಚಮ್ಮಾ, ಚುಚ್ಚು," ಎಂದಿದ್ದರು ಅವರು. "ಇಷ್ಟು ದಿನ ಮಾತಲ್ಲಿ ಚುಚ್ಚಿದೀಯ. ಅದಕ್ಕಿಂತ ಇದೇ ವಾಸಿ."

ಇನ್ನು ಉಳಿದದ್ದು ಒಂದೇ ಮೆಟ್ಟಿಲು, ಸೀನಿಯರ್ ಟೆಕ್ನಿಷಿಯನ್. ಸಂಬಳದ ಮಾತು ಹಾಗಿರಲಿ, ಅವಳ ಆಸೆಯೆಲ್ಲ ಇದ್ದದ್ದು ಸಹಿಯ ಮೇಲೆ. ರಕ್ತ ತೆಗೆಯುವವಳು ಅವಳು, ಪರೀಕ್ಷೆ ಮಾಡುವವಳು ಅವಳು, ಸರಿಯಿದೆಯೋ ಇಲ್ಲವೋ ಎಂದು ಎರಡು ಸಲ ನೋಡುವವಳೂ ಅವಳೇ. ಆದರೆ ರಿಪೋರ್ಟಿನ ಕೊನೆಯಲ್ಲಿ 'ಪರಿಶೀಲಿಸಿದವರು' ಎಂದಿರುವಲ್ಲಿ ಸಹಿ ಹಾಕುವ ಅಧಿಕಾರ ಸೀನಿಯರ್‌ಗೆ ಮಾತ್ರ. ಹದಿನಾರು ವರ್ಷ ಅವಳ ಕೆಲಸದ ಕೆಳಗೆ ಬೇರೆಯವರ ಸಹಿ ಬಿತ್ತು. ಇದು ಅನ್ಯಾಯ ಎಂದು ಅವಳೇನೂ ಕೂಗಾಡಲಿಲ್ಲ. ಮನಸ್ಸಿನಲ್ಲಿ ಮಾತ್ರ ಮುಳ್ಳಿನ ಹಾಗೆ ಇತ್ತು.

ಆ ಮೆಟ್ಟಿಲು ಹತ್ತಲು ಪರೀಕ್ಷೆ ಪಾಸಾಗಬೇಕು, ಅದಕ್ಕೆ ಇರುವುದು ಮೂರೇ ಅವಕಾಶ. ಎರಡು ಕೈತಪ್ಪಿದ್ದವು. ಅದರಲ್ಲಿ ಅರ್ಧ ತಪ್ಪು ಅವಳಿಗೆ ಸೂಕ್ಷ್ಮದರ್ಶಕ ಕಲಿಸಿದ ಮುದುಕ ಟೆಕ್ನಿಷಿಯನ್‌ದು. ಆ ಪುಣ್ಯಾತ್ಮ ರಕ್ತದ ಕಣಗಳಿಗೆಲ್ಲ ತನ್ನದೇ ಹೆಸರಿಟ್ಟಿದ್ದ. ದುಂಡಗೆ ಇರುವ ಲಿಂಫೋಸೈಟ್ ಗುಂಡಣ್ಣ. ಕೆಂಪು ಚುಕ್ಕೆಯ ಇಯೋಸಿನೋಫಿಲ್ ಕೆಂಪಮ್ಮ. ದೊಡ್ಡ ಮೈಯ ಮೋನೋಸೈಟ್ ಸೋಮಾರಿ ಮಾವ. ರಕ್ತ ಹೆಪ್ಪುಗಟ್ಟಿಸುವ ಚಿಕ್ಕ ಚಿಕ್ಕ ಪ್ಲೇಟ್ಲೆಟ್‌ಗಳು ಪುಡಿಮಕ್ಕಳು. ಹೀಗೆ ಕಲಿತ ಪಾಠ ಸಾಯುವವರೆಗೂ ಮರೆಯುವುದಿಲ್ಲ. ತೊಂದರೆ ಬಂದದ್ದೂ ಅಲ್ಲೇ.

ಮೊದಲ ಸಲ ಪರೀಕ್ಷಕರು, "ಏನು ಕಾಣ್ತಿದೆ?" ಎಂದು ಕೇಳಿದಾಗ ಅವಳು ಬಾಯಿ ತಪ್ಪಿ, "ಗುಂಡಣ್ಣ ಜಾಸ್ತಿ ಇದಾನೆ ಸಾರ್" ಎಂದುಬಿಟ್ಟಳು. ಕೋಣೆಯಲ್ಲಿದ್ದವರು ಬಿದ್ದು ಬಿದ್ದು ನಕ್ಕರು, ಫೇಲ್ ಮಾಡಿದರು. ಎರಡನೇ ಸಲ ಗುಂಡಣ್ಣ ಎಲ್ಲಿ ಹೊರಗೆ ಬಂದುಬಿಡುತ್ತಾನೋ ಎಂದು ಹೆದರಿ ಬಾಯಿಯನ್ನೇ ಬಿಡಲಿಲ್ಲ. ಅದಕ್ಕೂ ಫೇಲೇ.

ಮೂರನೇ ಸಲಕ್ಕೆ ಅತ್ತೆಯೇ ಮೇಷ್ಟ್ರಾಗಿ ಕೂತರು. ಸೊಸೆ ಅಡುಗೆಮನೆಯಲ್ಲಿ ಲಿಂಫೋಸೈಟ್, ಮೋನೋಸೈಟ್ ಎಂದು ಗಿಳಿಪಾಠ ಒಪ್ಪಿಸುತ್ತಿದ್ದರೆ ಅವರು ತರಕಾರಿ ಹೆಚ್ಚುತ್ತಾ ಕೇಳುವರು.

"ಇಷ್ಟೊಂದು ಸೈಟು ಇದಾವಲ್ಲೇ, ಒಂದಾದ್ರೂ ನಮ್ಮ ಹೆಸರಿಗೆ ಬರೋ ಹಾಗೆ ನೋಡು!"

ಪರೀಕ್ಷೆಯ ದಿನ ಬಂದವರು ಬೇರೆ ಆಸ್ಪತ್ರೆಯ ಡಾಕ್ಟರಮ್ಮ. ನಗು ಅವರ ಮುಖದ ಹತ್ತಿರ ಸುಳಿದ ಗುರುತೂ ಇರಲಿಲ್ಲ. ಆ ಬೆಳಿಗ್ಗೆ ವಾರ್ಡಿನಿಂದ ಬಂದಿದ್ದ ಒಂದು ರಕ್ತದ ಸ್ಲೈಡನ್ನೇ ಅವರು ಪ್ರಶ್ನೆಯಾಗಿ ಇಟ್ಟಿದ್ದರು. ಪಕ್ಕದಲ್ಲಿ ಯಂತ್ರ ಕೊಟ್ಟ ಚೀಟಿ: ಪ್ಲೇಟ್ಲೆಟ್ ಹದಿನೆಂಟು ಸಾವಿರ. ಒಂದೂವರೆ ಲಕ್ಷವಾದರೂ ಇರಬೇಕಾದ ಕಡೆ ಹದಿನೆಂಟು ಸಾವಿರ ಎಂದರೆ ಗಾಬರಿಪಡುವ ಲೆಕ್ಕ. ಚುಚ್ಚಕ್ಕನಿಗಿಂತ ಮುಂಚೆ ಹೋದ ಮೂವರೂ "ಪ್ಲೇಟ್ಲೆಟ್ ತುಂಬಾ ಕಡಿಮೆ" ಎಂದರು. ಮೂವರ ಹೆಸರಿನ ಮುಂದೂ ಡಾಕ್ಟರಮ್ಮ ಸರಿ ಗುರುತು ಹಾಕಿದ್ದನ್ನು ಅವಳು ಬಾಗಿಲ ಗಾಜಿನಿಂದ ಕಂಡಿದ್ದಳು.

ಅವಳ ಸರದಿ ಬಂತು. ಸ್ಲೈಡಿನ ನಡುವೆ ನೋಡಿದಳು. ಪುಡಿಮಕ್ಕಳು ಅಲ್ಲೊಂದು ಇಲ್ಲೊಂದು, ನಿಜವೇ. ಆದರೆ ಸ್ಲೈಡಿನ ಬಾಲ ನೋಡದೆ ಎದ್ದು ಅವಳಿಗೆ ಅಭ್ಯಾಸವಿಲ್ಲ. ರಕ್ತ ಬಳಿದ ಪದರ ತೆಳುವಾಗಿ ಮುಗಿಯುವ ಆ ಅಂಚಿಗೆ ಸರಿಸಿದಳು. ಅಲ್ಲಿ ಇಪ್ಪತ್ತು ಮೂವತ್ತು ಕಣಗಳು ಒಂದಕ್ಕೊಂದು ಅಂಟಿಕೊಂಡ ಗುಂಪು. ಪಕ್ಕದಲ್ಲಿ ಇನ್ನೊಂದು. ಅದರಾಚೆ ಮತ್ತೊಂದು.

ಕಡಿಮೆ ಎಂದರೆ ಪಾಸು. ಇಲ್ಲ ಎಂದರೆ ಪರೀಕ್ಷಕರ ಉತ್ತರವೇ ತಪ್ಪು ಎಂದ ಹಾಗೆ, ಅದೂ ಕೊನೆಯ ಅವಕಾಶದಲ್ಲಿ. ಆ ಒಂದು ನಿಮಿಷ ಅವಳಿಗೆ ಸುಳ್ಳು ಹೇಳುವ ಆಸೆ ನಿಜವಾಗಿಯೂ ಆಯಿತು. ಆದರೆ ಕಂಡದ್ದನ್ನು ಕಾಣಲಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ.

"ಮೇಡಂ, ಪ್ಲೇಟ್ಲೆಟ್ ಕಡಿಮೆ ಇಲ್ಲ."

"ಮೆಷಿನ್ ಹದಿನೆಂಟು ಸಾವಿರ ಅಂತಿದೆಯಲ್ಲ?"

"ಮೆಷಿನ್‌ಗೆ ಒಂಟೊಂಟಿಯಾಗಿ ಇರೋದಷ್ಟೇ ಲೆಕ್ಕ ಸಿಗುತ್ತೆ ಮೇಡಂ. ಪುಡಿಮಕ್ಕಳೆಲ್ಲ ಬಾಲದ ಹತ್ರ ಗುಂಪು ಕಟ್ಕೊಂಡು ಕೂತಿದಾರೆ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡಾಕ್ಟರಮ್ಮನ ಹುಬ್ಬು ಮೇಲೇರಿತು.

"ಯಾರು ಕೂತಿದಾರೆ?"

"ಪ್ಲೇಟ್ಲೆಟ್ ಮೇಡಂ," ಎಂದು ತಿದ್ದಿಕೊಂಡಳು ಅವಳು. "ನೇರಳೆ ಮುಚ್ಚಳದ ಟ್ಯೂಬಲ್ಲಿರೋ ಔಷಧಿ ಕೆಲವರ ರಕ್ತಕ್ಕೆ ಆಗಲ್ಲ, ಹೀಗೆ ಅಂಟ್ಕೊಳ್ಳುತ್ತೆ. ನೀಲಿ ಮುಚ್ಚಳದ ಟ್ಯೂಬಲ್ಲಿ ಇನ್ನೊಂದ್ಸಲ ತೆಗೀತೀನಿ. ಆಗಲೂ ಕಡಿಮೆ ಬಂದ್ರೆ ಫೇಲ್ ಮಾಡಿ, ನಾನು ಒಂದು ಮಾತೂ ಆಡಲ್ಲ."

ಡಾಕ್ಟರಮ್ಮ ಅವಳ ಹಿಂದೆಯೇ ವಾರ್ಡಿಗೆ ಬಂದರು. ಆ ರಕ್ತದ ಒಡೆಯ ಗೋಡೆಗೆ ಬಣ್ಣ ಹೊಡೆಯುವವನು. ಹರ್ನಿಯಾ ಆಪರೇಷನ್ನಿಗೆಂದು ಉಪವಾಸ ಮಲಗಿದ್ದ. ಪ್ಲೇಟ್ಲೆಟ್ ಕಡಿಮೆ ಇದ್ದರೆ ರಕ್ತ ನಿಲ್ಲುವುದಿಲ್ಲವೆಂದು ಆಪರೇಷನ್ ಮುಂದಕ್ಕೆ ಹಾಕಿದ್ದರು.

"ಅಕ್ಕಾ, ನನ್ನ ರಕ್ತ ಕೆಟ್ಟೋಗಿದ್ಯಾ?" ಎಂದ ಅವನು, ಅಳುವ ದನಿಯಲ್ಲಿ.

"ನನಗೆ ಅನುಮಾನ ಇರೋದು ಟ್ಯೂಬಿನ ಮೇಲೆ ಅಣ್ಣಾ, ನಿಮ್ಮ ಮೇಲಲ್ಲ. ಆಯ್ತು, ಕೈ ಮಡಚಿಕೊಳ್ಳಿ."

ಅವನು ಚುಚ್ಚುವುದನ್ನೇ ಕಾಯುತ್ತಿದ್ದ. ಅಷ್ಟರಲ್ಲಿ ನೀಲಿ ಟ್ಯೂಬು ತುಂಬಿಯಾಗಿತ್ತು.

ಯಂತ್ರ ಎರಡು ನಿಮಿಷ ತೆಗೆದುಕೊಂಡಿತು. ಚುಚ್ಚಕ್ಕ ತೆರೆ ನೋಡಲಾರದೆ ಕಿಟಕಿಯ ಕಡೆ ತಿರುಗಿ ನಿಂತಳು. ಚೀಟಿ ಹೊರಬಂತು: ಒಂದು ಲಕ್ಷ ತೊಂಬತ್ತೊಂದು ಸಾವಿರ. ಟ್ಯೂಬಿನಲ್ಲಿದ್ದ ದ್ರವ ಸೇರಿ ರಕ್ತ ತೆಳ್ಳಗಾಗುವುದರಿಂದ ಹತ್ತರಲ್ಲೊಂದು ಪಾಲು ಕೂಡಿಸಬೇಕು. ಡಾಕ್ಟರಮ್ಮ ತಾವೇ ಕೂಡಿಸಿದರು. ಆಮೇಲೆ ಹಳೆಯ ಸ್ಲೈಡಿನ ಮುಂದೆ ಕೂತು, ಬಾಲದ ಅಂಚಿಗೆ ಸರಿಸಿ, ಬಹಳ ಹೊತ್ತು ನೋಡಿದರು.

"ನಾನು ನಡುವೆ ಮಾತ್ರ ನೋಡಿದ್ದೆ," ಎಂದರು. ಕೆಂಪು ಪೆನ್ನು ತೆಗೆದು ತಮ್ಮದೇ ಉತ್ತರಕ್ಕೆ ಅಡ್ಡಗೆರೆ ಎಳೆದರು. ದೊಡ್ಡವರು ಹೀಗೆ ಗೆರೆ ಎಳೆದುಕೊಂಡದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಆಮೇಲೆ ಅವರು ಹೊಸ ರಿಪೋರ್ಟನ್ನೂ ಪೆನ್ನನ್ನೂ ಅವಳ ಮುಂದೆ ಇಟ್ಟರು.

"ಇಲ್ಲಿ ಸಹಿ ಹಾಕಿ. ಪಾಪ, ಆ ಮನುಷ್ಯ ಕಾಯ್ತಿದಾನೆ."

ಅವಳಿಗೆ ಅರ್ಥವಾಗಲಿಲ್ಲ. ಅವರು ಬೆರಳಿಟ್ಟಿದ್ದ 'ಪರಿಶೀಲಿಸಿದವರು' ಎಂಬ ಜಾಗ ನೋಡಿದಳು, ಅವರ ಮುಖ ನೋಡಿದಳು.

"ಮೇಡಂ, ನನ್ನ ರಿಸಲ್ಟ್ ಇನ್ನೂ ಬಂದಿಲ್ವಲ್ಲ?"

ಡಾಕ್ಟರಮ್ಮ ಆ ದಿನ ಮೊದಲ ಸಲ ನಕ್ಕರು.

"ಬಂತಲ್ಲಮ್ಮಾ. ಎರಡು ಲಕ್ಷ ಹತ್ತು ಸಾವಿರ."