ಟಿವಿಯಲ್ಲಿ ತಡವಾಗಿ ಬಂದ ಬಾಣ

ನಾನು ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಬಟ್ಟೆ ಕತ್ತರಿಸುವವನು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಉದ್ದನೆಯ ಮೇಜಿನ ಮೇಲೆ ಅರವತ್ತು ಪದರ ಬಟ್ಟೆ ಹಾಸಿರುತ್ತಾರೆ. ಮೇಲಿನ ಪದರದಲ್ಲಿ ಸೀಮೆಸುಣ್ಣದ ಗೆರೆ ಇರುತ್ತದೆ. ಕರೆಂಟಿನ ಕತ್ತಿಯನ್ನು ಆ ಗೆರೆಯ ಮೇಲೆ ನಡೆಸಬೇಕು. ಬಲಗೈ ಕತ್ತಿಯನ್ನು ತಳ್ಳುತ್ತದೆ, ಎಡಗೈ ಅದರ ಮುಂದೆ ಬಟ್ಟೆಯನ್ನು ಒತ್ತಿ ಹಿಡಿದಿರುತ್ತದೆ. ಎರಡರ ನಡುವೆ ನಾಲ್ಕು ಬೆರಳಿನ ಅಂತರ. ಆ ಅಂತರವನ್ನು ಕಾಯುವುದೇ ಕೆಲಸ. ಕಳೆದ ವರ್ಷ ಮೂರು ವಾರ ನಾನು ಆ ಕತ್ತಿಯನ್ನು ಮುಟ್ಟಲಿಲ್ಲ. ಇನ್ನು ಮುಂದೆ ಎಂದೂ ಮುಟ್ಟಲಾರೆ ಎಂದೇ ತಿಳಿದಿದ್ದೆ. ಯಾಕೆ ಹಾಗಾಯಿತೆಂದು ಕೇಳಿದವರಿಗೆ ಇವತ್ತಿಗೂ ನೆಟ್ಟಗೆ ಹೇಳಲು ಬರುವುದಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ.

ನಮ್ಮದು ಸತ್ಯನಾರಾಯಣಪೇಟೆಯಲ್ಲಿ ಮಹಡಿ ಮೇಲಿನ ಸಣ್ಣ ಮನೆ. ಕುರುಗೋಡಿನಲ್ಲಿ ಟಿವಿ ಅಂಗಡಿ ಇಟ್ಟಿರುವ ನನ್ನ ಹೆಂಡತಿಯ ತಮ್ಮ ಒಂದು ದೊಡ್ಡ ಟಿವಿ ತಂದು ಹಾಕಿಸಿದ್ದ. ಅಡುಗೆಮನೆಯ ಬಾಗಿಲಿನಿಂದ ಕಿಟಕಿಯವರೆಗೆ ಅದೇ. ಅವತ್ತು ನನ್ನ ಹೆಂಡತಿ, "ಗೋಡಿ ಎಲ್ಲಾ ನೀನೇ ತಗೊಂಡ್ಯಲ್ಲೋ, ನಾನು ಕ್ಯಾಲೆಂಡರ್ ಎಲ್ಲಿ ಹಾಕ್ಲಿ?" ಎಂದು ತಮ್ಮನನ್ನು ಬೈದಿದ್ದಳು. ಕಾಲೇಜಿಗೆ ಹೋಗುವ ಮಗಳ ಬಳಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದರ ಮಾನಿಟರ್ ಸುಟ್ಟುಹೋದ ಮೇಲೆ ಅವಳು ಬ್ರೂಸ್‌ಪೇಟೆಯಿಂದ ಒಂದು ಕೇಬಲ್ ತಂದು ಕಂಪ್ಯೂಟರನ್ನು ಟಿವಿಗೇ ಸೇರಿಸಿದಳು. ಅವಳು ಆಡುತ್ತಿದ್ದದ್ದು ಊರು ಕಟ್ಟುವ ಆಟ. ರಸ್ತೆ ಹಾಕುವುದು, ನೀರಿನ ಪೈಪು ಎಳೆಯುವುದು, ಜನ ಬಂದು ಸೇರುವವರೆಗೆ ಕಾಯುವುದು. ಅದರಲ್ಲಿ ಯಾವ ಅವಸರವೂ ಇರಲಿಲ್ಲ. ಗೋಡೆಯಷ್ಟು ದೊಡ್ಡ ಊರನ್ನು ನೋಡುತ್ತ ನಾನೂ ಹಿಂದೆ ಕುಳಿತು ಚಹಾ ಕುಡಿಯುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಮಗಳು, "ಬಾರಪ್ಪಾ, ನಿನಗ ತಕ್ಕ ಆಟ ಒಂದೈತಿ" ಎಂದು ಕರೆದಳು. ಮೇಲಿನಿಂದ ಮಡಕೆಗಳು ಬೀಳುತ್ತವೆ. ಅವು ನೆಲ ಮುಟ್ಟುವ ಮೊದಲು ಬಾಣದ ಗುರುತನ್ನು ಅವುಗಳ ಮೇಲೆ ತಂದು ಮೌಸ್ ಒತ್ತಿದರೆ ಒಡೆಯುತ್ತವೆ. ಕೈ ಮತ್ತು ಕಣ್ಣಿನ ಕೆಲಸ. ನನಗೆ ಇದು ಸುಲಭ ಎಂದುಕೊಂಡೇ ಕುಳಿತೆ.

ಮೊದಲ ಹತ್ತು ಮಡಕೆಗಳಲ್ಲಿ ಎರಡು ಒಡೆದೆ. ಮತ್ತೆ ಹತ್ತರಲ್ಲಿ ಮೂರು. ಆಗ ಆಟ ಬಿಟ್ಟು ಬಾಣವನ್ನೇ ನೋಡಿದೆ. ಕೈಯನ್ನು ಎಡದಿಂದ ಬಲಕ್ಕೆ ಜೋರಾಗಿ ಸರಿಸಿ ನಿಲ್ಲಿಸಿದೆ. ಕೈ ನಿಂತಾಗ ಬಾಣ ಇನ್ನೂ ಹೋಗುತ್ತಿತ್ತು. ಅದು ತಲುಪಬೇಕಾದ ಜಾಗ ಇನ್ನೂ ಒಂದು ಗೇಣು ದೂರವಿತ್ತು. ಮತ್ತೆ ಮಾಡಿದೆ. ಮತ್ತೂ ಹಾಗೆಯೇ ಆಯಿತು.

"ಇದು ತಡ ಮಾಡಾಕತ್ತೈತಿ" ಎಂದೆ.

"ಏನು ತಡ? ನನಗೇನೂ ಗೊತ್ತಾಗಲ್ಲಪ್ಪಾ" ಎಂದು ಮಗಳು ಮೌಸ್ ತೆಗೆದುಕೊಂಡು ಹತ್ತರಲ್ಲಿ ಎಂಟು ಒಡೆದಳು. "ಮಡಕಿ ಇದ್ದಲ್ಲಿ ಹೋಗಬಾರದು, ಅದು ಬರೋ ಜಾಗಕ್ಕ ಮೊದ್ಲ ಹೋಗಬೇಕು. ನಿನಗ ವಯಸ್ಸಾತು ಬಿಡು."

ಅವಳು ನಗೆಯಲ್ಲಿ ಹೇಳಿದ್ದು ನಿಜ. ಆದರೆ ನಾನು ಆ ಮಾತನ್ನು ನಗೆಯಲ್ಲಿ ಕೇಳಲಿಲ್ಲ. ಅದೇ ಬಾಣ ಅವಳಿಗೆ ಸರಿಯಾಗಿ ಹೋಗುತ್ತಿದೆ, ನನಗೆ ತಡವಾಗಿ ಹೋಗುತ್ತಿದೆ. ಹಾಗಾದರೆ ತಡವಾಗುತ್ತಿರುವುದು ಬಾಣವಲ್ಲ.

ಬೇರೆ ಯಾರಾದರೂ ಟಿವಿಯನ್ನೋ ಕೇಬಲನ್ನೋ ಬೈದು ಎದ್ದುಹೋಗುತ್ತಿದ್ದರು. ಆದರೆ ಕತ್ತಿ ಹಿಡಿದ ಮೊದಲ ದಿನ ನಮಗೆ ಕಲಿಸುವ ಪಾಠ ಒಂದೇ: ಗೆರೆ ತಪ್ಪಿದರೆ ಮಷಿನ್ ಮೇಲೆ ಹಾಕಬೇಡ, ಮೊದಲು ನಿನ್ನ ಕೈ ನೋಡು. ಇಪ್ಪತ್ತೆರಡು ವರ್ಷ ಹಾಗೆ ನೋಡಿದವನಿಗೆ ಬೇರೆ ಕಡೆ ನೋಡಲು ತೋಚುವುದಿಲ್ಲ. ಇನ್ನೊಂದು ಕಾರಣವೂ ಇತ್ತು. ಸಿರುಗುಪ್ಪದಲ್ಲಿರುವ ನನ್ನ ಅಣ್ಣ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದವನು, ಎರಡು ವರ್ಷದ ಕೆಳಗೆ ಅವನ ಬಲಭಾಗಕ್ಕೆ ಲಕ್ವ ಹೊಡೆಯಿತು. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಅವನು ತೊದಲುತ್ತ ಹೇಳಿದ್ದ ಮಾತು ನನ್ನ ತಲೆಯಲ್ಲೇ ಉಳಿದಿತ್ತು. ಲಕ್ವ ಹೊಡೆಯುವ ಒಂದು ತಿಂಗಳ ಮೊದಲಿನಿಂದಲೇ ಅವನು ಹೇಳಿದ್ದನ್ನು ಅವನ ಕೈ ಸ್ವಲ್ಪ ತಡವಾಗಿ ಕೇಳುತ್ತಿತ್ತಂತೆ.

ಆ ವಾರ ಮನೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಸೂಜಿಗೆ ದಾರ ಪೋಣಿಸಿ ನೋಡಿದೆ, ಒಂದೇ ಸಲಕ್ಕೆ ಹೋಯಿತು. ಬೀಗಕ್ಕೆ ಕೀಲಿ ಹಾಕಿ ನೋಡಿದೆ. ತುಂಬಿದ ಚಹಾ ಲೋಟ ಹಿಡಿದು ಮೆಟ್ಟಿಲು ಇಳಿದೆ, ಒಂದು ಹನಿಯೂ ಚೆಲ್ಲಲಿಲ್ಲ. ಆದರೆ ಮಗಳು ಕಾಲೇಜಿಗೆ ಹೋದ ಮೇಲೆ ಟಿವಿಯ ಮುಂದೆ ಕೂತು ಮೌಸ್ ಸರಿಸಿದಾಗಲೆಲ್ಲ ಬಾಣ ನನ್ನ ಹಿಂದೆಯೇ ಬಂತು. ಘಟಕದಲ್ಲಿ ಕತ್ತಿ ನಡೆಸುವಾಗ ಗೆರೆಯನ್ನು ನೋಡುವ ಬದಲು ಕೈಯನ್ನು ನೋಡಲು ಶುರುಮಾಡಿದೆ. ಶುಕ್ರವಾರ ಹಿಂಜೇಬಿನ ತಿರುವಿನಲ್ಲಿ ಕತ್ತಿ ಗೆರೆಗಿಂತ ಒಂದು ದಾರದಷ್ಟು ಒಳಗೆ ಹೋಯಿತು. ಯಾರೂ ಗಮನಿಸಲಿಲ್ಲ, ಹೊಲಿಗೆಯಲ್ಲಿ ಮುಚ್ಚಿಹೋಗುವಷ್ಟು ಸಣ್ಣದು. ನಾನು ಗಮನಿಸಿದೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಕೈ ಸರಿಯಿಲ್ಲ ಎನ್ನಿಸಿದವನು ಸ್ವಿಚ್ ಹಾಕುವ ಮೊದಲು ಮೇಸ್ತ್ರಿಯ ಬಳಿ ಹೋಗಿ "ಇವತ್ತು ಕೈ ಇಲ್ಲ" ಎನ್ನಬೇಕು. ಜ್ವರವೋ, ಹೆಂಡತಿಯ ಜೊತೆ ಜಗಳವೋ, ಹಿಂದಿನ ದಿನದ ಕುಡಿತವೋ, ಯಾರೂ ಕಾರಣ ಕೇಳುವುದಿಲ್ಲ. ಅವತ್ತು ಅವನು ಬಟ್ಟೆ ಹಾಸುವವರ ಜೊತೆ ಸೇರುತ್ತಾನೆ. ಮತ್ತೆ ಅವನೇ ಬಾಯಿಬಿಟ್ಟು ಕೇಳುವವರೆಗೆ ಕತ್ತಿಯ ವಿಷಯವನ್ನು ಯಾರೂ ಎತ್ತುವುದಿಲ್ಲ. ಸಾಮಾನ್ಯವಾಗಿ ಒಂದು ದಿನ, ಹೆಚ್ಚೆಂದರೆ ಎರಡು ದಿನ. ಶನಿವಾರ ನಾನು ಹೋಗಿ "ಕೈ ಇಲ್ಲ" ಎಂದೆ. ಮೇಸ್ತ್ರಿ ತಲೆಯಾಡಿಸಿದ. ಆಮೇಲೆ ಮೂರು ವಾರ ನಾನು ಕೇಳಲಿಲ್ಲ, ಅವನೂ ಕೇಳಲಿಲ್ಲ. ನನ್ನ ಕತ್ತಿಯನ್ನು ಪಕ್ಕದ ಮೇಜಿನ ಭಾಯಿ ನಡೆಸಿದರು. ನಾನು ಬಟ್ಟೆಯ ಥಾನು ಬಿಚ್ಚಿ ಹಾಸುತ್ತ ಅದರ ಸದ್ದನ್ನು ಕೇಳುತ್ತಿದ್ದೆ.

ಹೆಂಡತಿಗೆ ಎರಡನೆಯ ವಾರ ಗೊತ್ತಾಯಿತು. ಅಂಗಿಯ ಮೇಲೆ ಹಾಸುವವರಿಗೆ ಹತ್ತುವ ನೀಲಿ ಧೂಳು ಕಂಡು ಕೇಳಿದಳು. ಹೇಳಿದೆ.

"ಕೈ ತಡ ಆಗೈತಾ? ರೊಟ್ಟಿ ಮುರಿಯೋವಾಗ ಎಲ್ಲಿ ತಡ ಆಗೈತ್ರಿ? ಮೊದ್ಲ ಡಾಕ್ಟ್ರ ಹತ್ರ ನಡೀರಿ."

ಹೋದೆವು. ಡಾಕ್ಟರು ನನ್ನ ಮೂಗು ಮುಟ್ಟಿಸಿದರು, ಅವರ ಬೆರಳು ಮುಟ್ಟಿಸಿದರು, ಕಣ್ಣು ಮುಚ್ಚಿ ನಿಲ್ಲಿಸಿದರು. ಏನೂ ಇಲ್ಲ, ಉಪ್ಪು ಕಡಿಮೆ ಮಾಡಿ ಎಂದರು. ಹೊರಗೆ ಬಂದ ಮೇಲೆ ಅವಳು ಬಿಡಲಿಲ್ಲ. "ಕೇಳಿದ್ರಿಲ್ಲ? ಏನೂ ಇಲ್ಲಂತ. ಸೋಮವಾರ ಹೋಗಿ ಕತ್ತಿ ಹಿಡೀರಿ." ಅಣ್ಣನನ್ನೂ ಒಬ್ಬ ಡಾಕ್ಟರು ಹೀಗೆಯೇ ಕಳಿಸಿದ್ದರು ಎಂದು ನಾನು ಅವಳಿಗೆ ಹೇಳಲಿಲ್ಲ.

ಮರುದಿನ ಭಾನುವಾರ ಒಬ್ಬನೇ ಸಿರುಗುಪ್ಪಕ್ಕೆ ಹೋದೆ. ಅಣ್ಣ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದ. ಎಲ್ಲವನ್ನೂ ಕೇಳಿದ ಮೇಲೆ ತನ್ನ ಊರುಗೋಲನ್ನು ಎಡಗೈಯಲ್ಲಿ ಎತ್ತಿ ಹಿಡಿದ.

"ಬಿಡ್ತೀನಿ. ಹಿಡಿ ನೋಡೂಣ."

ಕೋಲು ಬಿತ್ತು. ಅದು ಅರ್ಧ ಇಳಿಯುವುದರೊಳಗೆ ಹಿಡಿದೆ. ಮತ್ತೆ ಬಿಟ್ಟ, ಮತ್ತೆ ಹಿಡಿದೆ. ಐದು ಸಲ ಹಿಡಿದ ಮೇಲೆ ನಾನು ಅವನ ಮುಖ ನೋಡಿದೆ.

"ಚಲೋ ಹಿಡದಿ" ಎಂದ ಅಣ್ಣ. ಕೋಲನ್ನು ವಾಪಸ್ ತೆಗೆದುಕೊಂಡು, "ನಾನೂ ಆವಾಗ ಹಿಡೀತಿದ್ದೆ ತಮ್ಮಾ" ಎಂದ.

ಅತ್ತಿಗೆ ಒಳಗಿನಿಂದಲೇ, "ಅವರ ಮಾತು ಕೇಳಬ್ಯಾಡಪ್ಪಾ, ಎಲ್ಲರೂ ತಮ್ಮ ಜೋಡಿ ಕುರ್ಚಿ ಹಿಡೀಲಿ ಅಂತ ಅವರಿಗೆ" ಎಂದು ಕೂಗಿದಳು. ಅಣ್ಣ ನಕ್ಕ. ನನಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳು ಬಡಿಯುತ್ತ ಬಂದೆ. ಬೆರಳು ತಡವಾಗುತ್ತಿದೆಯೋ, ತಡವಾಯಿತೇ ಎಂದು ನೋಡುವ ಮನಸ್ಸು ತಡವಾಗುತ್ತಿದೆಯೋ ತಿಳಿಯಲಿಲ್ಲ.

ಮುಂದಿನ ಭಾನುವಾರ ಬ್ರೂಸ್‌ಪೇಟೆಯಲ್ಲಿ ಸಾಮಾನು ಕೊಳ್ಳಲು ಕುರುಗೋಡಿನಿಂದ ಬಂದ ಹೆಂಡತಿಯ ತಮ್ಮ ಮಧ್ಯಾಹ್ನ ಊಟಕ್ಕೆ ನಮ್ಮ ಮನೆಗೆ ಬಂದ. ಮಗಳು ತನ್ನ ಊರು ಕಟ್ಟುತ್ತಿದ್ದಳು. ಅವನು ಕೈ ತೊಳೆದು ಬಂದವನು ಟಿವಿಯ ಮುಂದೆ ನಿಂತುಬಿಟ್ಟ.

"ಕೆಳಗ ಅಂಚು ಯಾಕ ತುಂಡಾಗೇತಿ? ಟೈಮ್ ತೋರಿಸೋದು ಅರ್ಧನೇ ಕಾಣ್ತೈತಲ್ಲ."

"ಅದು ಮೊದ್ಲಿಂದ ಹಂಗೇ ಐತಿ ಮಾಮಾ" ಎಂದಳು ಮಗಳು.

"ಮೊದ್ಲಿಂದ ಹಂಗೇ ಐತಿ ಅಂತ ಬಿಟ್ಟೀರಾ? ನನ್ನ ಅಂಗಡಿ ಮಾನ ಕಳೀತೀರಿ." ಅವನು ರಿಮೋಟ್ ತೆಗೆದುಕೊಂಡು ಸೆಟ್ಟಿಂಗ್ ಒಳಗೆ ಹೋದ. "ನೋಡ್ರಿ ಭಾವಾ, ಕಂಪ್ಯೂಟರ್‌ನಿಂದ ಬರೋದನ್ನ ಈ ಟಿವಿ ಸಿನಿಮಾ ಅಂತ ತಿಳಕೊಂಡೈತಿ. ಸಿನಿಮಾ ಆದ್ರ ಅಂಚು ಒಂಚೂರು ಕತ್ತರಿಸಿ ದೊಡ್ಡದು ಮಾಡ್ತೈತಿ, ಬಣ್ಣ ತಿದ್ದತೈತಿ, ಓಡೋದನ್ನ ನುಣುಪು ಮಾಡ್ತೈತಿ. ಇಷ್ಟೆಲ್ಲಾ ಸಿಂಗಾರ ಮಾಡಿ ಆಮ್ಯಾಲೆ ನಮಗ ತೋರಿಸ್ತೈತಿ. ಅದಕ್ಕ ಗೇಮ್ ಮೋಡ್ ಅಂತ ಬ್ಯಾರೆ ಇರ್ತೈತಿ, ಅದನ್ನ ಹಾಕಬೇಕು."

ನಾನು ಕೇಳಿದೆ: "ಸಿಂಗಾರ ಮಾಡಾಕ ಹೊತ್ತು ಹಿಡೀತೈತೇನು?"

"ಹಿಡೀದೇ? ಕಣ್ಣು ಮಿಟುಕಿಸೋವಷ್ಟು. ಸಿನಿಮಾ ನೋಡೋರಿಗೆ ಗೊತ್ತಾಗಲ್ಲ. ಓಡೋ ಆಟ ಆಡೋರಿಗೆ ಮಾತ್ರ ಬಾಣ ಕೈ ಹಿಂದ ಬಂದಂಗ ಆಗ್ತೈತಿ." ಅವನು ಏನೋ ಒತ್ತಿದ. ಪರದೆ ಒಂದು ಸಲ ಕಪ್ಪಾಗಿ ಮತ್ತೆ ಬಂತು. ಕೆಳಗಿನ ಅಂಚಿನಲ್ಲಿ ಗಂಟೆ ಪೂರ್ತಿ ಕಾಣಿಸಿತು. ಬಣ್ಣ ಸ್ವಲ್ಪ ಸಪ್ಪೆಯಾಯಿತು.

ನಾನು ಮಗಳ ಕೈಯಿಂದ ಮೌಸ್ ತೆಗೆದುಕೊಂಡೆ. ಎಡದಿಂದ ಬಲಕ್ಕೆ ಸರಿಸಿ ನಿಲ್ಲಿಸಿದೆ. ಬಾಣ ಕೈಯ ಜೊತೆ ಹೋಗಿ ಕೈಯ ಜೊತೆ ನಿಂತಿತು. ಮತ್ತೆ ಮಾಡಿದೆ. ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ.

"ಯಾಕ ಭಾವಾ, ಮಾರಿ ಹಂಗ ಮಾಡೀರಿ?" ಎಂದ ಅವನು. ಹೆಂಡತಿ ಅವನಿಗೆ ಎಲ್ಲ ಹೇಳುತ್ತ ಹೇಳುತ್ತ ನಗಲು ಶುರುಮಾಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ನಗು ನಿಂತು ಸಿಟ್ಟು ಬಂತು.

"ಮೂರು ವಾರ! ಈ ಡಬ್ಬಿ ಮಾತು ಕೇಳಿ ಮೂರು ವಾರ ಕೈ ಕಟ್ಟಿ ಕುಂತ್ರಿ. ನಾನು ಹೇಳಿದ್ದು ಕೇಳಲಿಲ್ಲ, ಡಾಕ್ಟ್ರು ಹೇಳಿದ್ದು ಕೇಳಲಿಲ್ಲ."

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಸ್ವಲ್ಪ ಹೊತ್ತು. ಊಟಕ್ಕೆ ಕುಳಿತಾಗ ಶುಕ್ರವಾರದ ಆ ಜೇಬಿನ ತಿರುವು ನೆನಪಾಯಿತು. ಬಾಣ ತಡವಾಗಿದ್ದು ಟಿವಿಯಿಂದ. ಸರಿ. ಆದರೆ ಕತ್ತಿಗೆ ಟಿವಿ ಇರಲಿಲ್ಲ. ಕೈಯನ್ನು ನೋಡುತ್ತ ಕತ್ತರಿಸಿದ್ದರಿಂದ ಗೆರೆ ತಪ್ಪಿತೇ? ಅಥವಾ ಗೆರೆ ಹೇಗೂ ತಪ್ಪಲಿತ್ತು, ಅದನ್ನು ಕಾಣುವಂತೆ ಮಾಡಿದ್ದು ಮಾತ್ರ ಆ ಟಿವಿಯೇ? ಅದಕ್ಕೂ ಮೊದಲು ಎಷ್ಟು ಸಲ ಒಂದು ದಾರ ಒಳಗೆ ಹೋಗಿರಬಹುದು, ನಾನು ನೋಡದೆ? ಹೆಂಡತಿಯ ತಮ್ಮನನ್ನು ಕೇಳುವ ಪ್ರಶ್ನೆ ಇದಲ್ಲ. ಯಾರನ್ನು ಕೇಳಬೇಕೋ ತಿಳಿಯಲಿಲ್ಲ. ಮಗಳು ಮಾತ್ರ ಮಡಕೆ ಆಟ ಆಡುತ್ತ ಗೊಣಗುತ್ತಿದ್ದಳು. ಈಗ ಮಡಕೆಗಳು ಅವಳಿಗೆ ತಪ್ಪುತ್ತಿದ್ದವು. ಮೊದಲೇ ಹೋಗಿ ಕಾಯುವುದು ಅವಳ ಕೈಗೆ ರೂಢಿಯಾಗಿಬಿಟ್ಟಿತ್ತು.

ಸೋಮವಾರ ಮೇಸ್ತ್ರಿಯ ಬಳಿ ಹೋಗಿ "ಕತ್ತಿ ಕೊಡ್ರಿ" ಎಂದೆ. ಕಾರಣ ಕೇಳಬಾರದೆಂಬ ಪದ್ಧತಿಯನ್ನು ಅವನು ಮುರಿಯಲಿಲ್ಲ. ನಾನೇ ಮುರಿದೆ. ಮೂರು ವಾರ ಸುಮ್ಮನೆ ನೋಡಿದವರಿಗೆ ಹೇಳದಿದ್ದರೆ ತಪ್ಪಾಗುತ್ತದೆ ಎನ್ನಿಸಿತು. ಟಿವಿ, ಮೌಸ್, ಮಡಕೆ ಎಲ್ಲವನ್ನೂ ಹೇಳಿದೆ. ಮೇಸ್ತ್ರಿ ಕಣ್ಣು ಕಿರಿದು ಮಾಡಿ ಕೇಳಿದ. ಅರ್ಧವೂ ಅರ್ಥವಾಗಲಿಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು. ಭಾಯಿ ಮಷಿನ್ ನಿಲ್ಲಿಸಿ, "ಯಾ ಅಲ್ಲಾ, ಮನ್ಯಾಗ ಟಿವಿ ಕೆಟ್ರ ಇಲ್ಲಿ ನನಗ ಎರಡು ಮೇಜು ಕೆಲಸ ಏನ್ರಿ?" ಎಂದರು. ಹಾಸುವವರೆಲ್ಲ ನಕ್ಕರು.

ಮೇಸ್ತ್ರಿ ನಗಲಿಲ್ಲ. "ಮೊದ್ಲ ಚೂರು ಬಟ್ಟಿ ಮ್ಯಾಲೆ ನಡೀಲಿ" ಎಂದ. ಉಳಿದ ತುಂಡುಗಳನ್ನು ಇಪ್ಪತ್ತು ಪದರ ಹಾಸಿ, ಹಿಂಜೇಬಿನ ಗೆರೆಯನ್ನೇ ಹಾಕಿಸಿದ. ಜೇಬನ್ನೇ ಯಾಕೆ ಆರಿಸಿದನೋ, ಆ ಶುಕ್ರವಾರದ ತಪ್ಪು ಅವನಿಗೂ ಕಂಡಿತ್ತೋ, ನಾನು ಕೇಳಲಿಲ್ಲ. ಸ್ವಿಚ್ ಹಾಕಿದೆ. ಕೈಯನ್ನು ನೋಡಬಾರದು ಎಂದುಕೊಂಡು ಗೆರೆಯನ್ನೇ ನೋಡಿದೆ. ತಿರುವಿನಲ್ಲಿ ಕತ್ತಿ ಸರಾಗವಾಗಿ ತಿರುಗಿತು. ಮೇಸ್ತ್ರಿ ಮೇಲಿನ ತುಂಡು, ನಡುವಿನ ತುಂಡು, ಕೆಳಗಿನ ತುಂಡು ತೆಗೆದು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದ.

"ಸಮ ಐತಿ. ಹೋಗ್ರಿ, ನಿಮ್ಮ ಮೇಜು ನಿಮಗ."

ಮಧ್ಯಾಹ್ನದವರೆಗೆ ಕತ್ತರಿಸಿದೆ. ಒಂದು ಗೆರೆಯೂ ತಪ್ಪಲಿಲ್ಲ. ಊಟದ ಹೊತ್ತಿಗೆ ನಲ್ಲಿಯ ಬಳಿ ಕೈ ತೊಳೆಯುವಾಗ ಬಲಗೈಯ ಬೆರಳುಗಳು ಸಣ್ಣಗೆ ನಡುಗುತ್ತಿರುವುದು ಕಂಡಿತು. ನಾಲ್ಕು ತಾಸು ಆ ಮಷಿನ್ ಹಿಡಿದರೆ ಯಾರ ಕೈಯಾದರೂ ಹಾಗೆ ನಡುಗುತ್ತದೆ ಎಂದು ಪಕ್ಕದಲ್ಲಿದ್ದ ಭಾಯಿ ತಮ್ಮ ಕೈಯನ್ನೂ ಚಾಚಿ ತೋರಿಸಿದರು. ಅದೂ ನಡುಗುತ್ತಿತ್ತು. ಇಪ್ಪತ್ತೆರಡು ವರ್ಷವೂ ನನ್ನ ಕೈ ಹೀಗೆಯೇ ನಡುಗುತ್ತಿತ್ತೋ, ಇವತ್ತೇ ಮೊದಲೋ ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಕತ್ತಿ ಕೆಳಗಿಟ್ಟ ಮೇಲೆ ನಾನು ಒಂದು ದಿನವೂ ಕೈ ನೋಡಿಕೊಂಡಿರಲಿಲ್ಲ. ನೀರು ನಿಲ್ಲಿಸಿ, ಕೈ ಒರೆಸಿಕೊಂಡು, ಅವರ ಪಕ್ಕದಲ್ಲಿ ಕುಳಿತು ಬುತ್ತಿ ಬಿಚ್ಚಿದೆ.