ಸಂಜೀವ ಮಾವನ ಡೊಮೆಸ್ಟಿಕ್ ಫೀಸು

ಪಂಪ್‌ವೆಲ್‌ನ ತಮ್ಮ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂತ ಸಂಜೀವ ಮಾವ ಯಾರನ್ನೂ ಹೇಗಿದ್ದೀರಿ ಎಂದು ಕೇಳಿದವರಲ್ಲ. "ಈಗ ಎಂತ ವೀಸಾ?" ಎಂದೇ ಕೇಳುತ್ತಿದ್ದರು. ಹೊರದೇಶದಿಂದ ರಜೆಯಲ್ಲಿ ಊರಿಗೆ ಬಂದವನು ವಿಸಿಟ್ ವೀಸಾ ಎಂದರೆ ಅವನಿಗೆ ಒಂದು ಲೋಟ ನೀರು. ಕಂಪೆನಿ ವೀಸಾ ಎಂದರೆ ಮಾವನ ಲೆಕ್ಕದಲ್ಲಿ ಬನ್ಸ್. ಫ್ಯಾಮಿಲಿ ವೀಸಾ ಎಂದರೆ ಬಂಗುಡೆ ಫ್ರೈ, ಜೊತೆಗೆ ಮಾವನೇ ಎದ್ದು ಬಂದು ಫ್ಯಾನ್ ಹಾಕುವ ಮರ್ಯಾದೆ. ಇಷ್ಟೆಲ್ಲ ತೂಗಿ ನೋಡುವ ಮಹಾನುಭಾವರ ಹತ್ತಿರ ಪಾಸ್‌ಪೋರ್ಟೇ ಇರಲಿಲ್ಲ. ಬಸ್ಸು ನೇತ್ರಾವತಿ ಸೇತುವೆ ದಾಟಿದರೆ ಅವರಿಗೆ ತಲೆ ಸುತ್ತುತ್ತಿತ್ತು.

ಅವರು ನನ್ನ ಅಮ್ಮನ ಅಣ್ಣ. ನಮ್ಮದು ಬಂಟರ ಮನೆ. ಹಿಂದೆಲ್ಲ ನಮ್ಮಲ್ಲಿ ಆಸ್ತಿ ಅಪ್ಪನಿಂದ ಮಕ್ಕಳಿಗೆ ಬರುತ್ತಿರಲಿಲ್ಲ, ಸೋದರಮಾವನಿಂದ ಅವನ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತು. ಅಳಿಯಸಂತಾನವೆಂಬ ಈ ಪದ್ಧತಿಯನ್ನು ಸರಕಾರ ಎಂದೋ ಕಾನೂನು ಮಾಡಿ ಮುಗಿಸಿದೆ. ಸಂಜೀವ ಮಾವನಿಗೆ ಮಾತ್ರ ಅದನ್ನು ಹೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಬೈಕಂಪಾಡಿಯ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದ ನನಗೆ ಆಸ್ಟ್ರೇಲಿಯಾದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತು. ಅಲ್ಲಿ ಫೀಸು ಎರಡು ಬಗೆಯದು. ದೇಶದವರಿಗೆ ಡೊಮೆಸ್ಟಿಕ್, ನಮ್ಮಂಥವರಿಗೆ ಇಂಟರ್‌ನ್ಯಾಷನಲ್. ಎರಡನೆಯದನ್ನು ಕಂಡ ಅಮ್ಮ ಕುರ್ಚಿ ಹುಡುಕಿದಳು. ಮಾವ ನಕ್ಕುಬಿಟ್ಟರು.

"ಹೆದರ್ಲಿಕ್ಕೆ ಎಂತ ಉಂಟು ಮಾರಾಯ್ತಿ? ನಮ್ಮ ಪ್ರಭಾಕರನಿಗೆ ಅಲ್ಲಿ ಪಿ.ಆರ್. ಉಂಟಲ್ಲ?"

ಪ್ರಭಾಕರ ಅವರ ತಮ್ಮ, ನನ್ನ ಚಿಕ್ಕ ಮಾವ. ಮೆಲ್ಬರ್ನಿನಲ್ಲಿದ್ದ ಅವರಿಗೆ ಅಲ್ಲಿ ಶಾಶ್ವತವಾಗಿ ನೆಲೆಸುವ ಹಕ್ಕು, ಅಂದರೆ ಪಿ.ಆರ್., ಸಿಕ್ಕಿತ್ತು.

"ಅವನು ಇವಳ ಸೋದರಮಾವ. ಹಾಗಾದ್ರೆ ಅವನ ಪಿ.ಆರ್. ಯಾರಿಗೆ ಬರ್ತದೆ? ಇವಳಿಗೆ! ಡೊಮೆಸ್ಟಿಕ್ ಫೀಸಿಗೆ ನಾನು ಜವಾಬ್ದಾರಿ."

ಆ ಮಾತಿನ ಮೇಲೆ ಅಮ್ಮ ಬ್ಯಾಂಕ್ ಸಾಲದ ಓಡಾಟ ನಿಲ್ಲಿಸಿದಳು. ನಾನು, ಓದಿದವಳು, ಕೆಲಸಕ್ಕೆ ರಾಜೀನಾಮೆ ಕೊಟ್ಟೆ.

ಹುಡುಗರನ್ನು ಹೊರದೇಶಕ್ಕೆ ಕಳಿಸುವ ಏಜೆನ್ಸಿಯೊಂದಕ್ಕೆ ಮಾವನೇ ನನ್ನನ್ನು ಕರೆದುಕೊಂಡು ಹೋದರು. ಅಲ್ಲಿನ ಹುಡುಗಿ ಎಲ್ಲವನ್ನೂ ಕೇಳಿ ತಾಳ್ಮೆಯಿಂದ ಹೇಳಿದಳು, "ಅಂಕಲ್, ಪಿ.ಆರ್. ಇವ್ರ ಹೆಸರಲ್ಲೇ ಇರ್ಬೇಕು. ಮಾವನದು ಬರಂಗಿಲ್ರಿ."

"ನಿಮ್ಮದು ಯಾವ ಊರು?"

"ಹುಬ್ಬಳ್ಳಿ ರೀ."

"ಹಾಗೆ ಹೇಳಿ. ನಿಮಗೆ ಗೊತ್ತಾಗ್ಲಿಕ್ಕಿಲ್ಲ," ಎಂದು ಮಾವ ಕನಿಕರದಿಂದ ಎದ್ದರು.

ನೇರ ವಿಶ್ವವಿದ್ಯಾಲಯಕ್ಕೇ ಫೋನು ಹೋಯಿತು. ಹೋಟೆಲಿನ ಕೌಂಟರಿನಿಂದ, ಸ್ಪೀಕರ್ ಹಾಕಿ, ಊಟದ ಹೊತ್ತಿಗೆ. ಅನುವಾದಕ್ಕೆ ನಾನು. "ಹೇಳು ಅವರಿಗೆ. ನಮ್ಮಲ್ಲಿ ಅಪ್ಪ ಅಂದ್ರೆ ಮನೆಗೆ ಬಂದವ, ಮಾವ ಅಂದ್ರೆ ಮನೆಯವ. ಸರಿಯಾಗಿ ಹೇಳು!" ನಾಚಿಕೆಯಿಂದ ನಾನು ಅರ್ಧ ನುಂಗಿ, ಉಳಿದರ್ಧವನ್ನು ತೊದಲಿದೆ. ಆ ಕಡೆಯ ಹೆಂಗಸು ಬಲು ಸೌಜನ್ಯದಿಂದ, ನಾನು ಹೋಗುವುದು ಸ್ಟೂಡೆಂಟ್ ವೀಸಾದಲ್ಲಿ, ಹಾಗಾಗಿ ನಾನು ಇಂಟರ್‌ನ್ಯಾಷನಲ್ ಎಂದಳು. ಮೀನುಸಾರು ಕಲಸುತ್ತಿದ್ದ ಕೈಗಳೆಲ್ಲ ನಿಂತವು. ಮಾವ ತಮ್ಮನಿಗೆ ಫೋನು ಮಾಡಿದರು. "ಅಣ್ಣ, ಇಲ್ಲಿ ಅಳಿಯಸಂತಾನ ಎಲ್ಲ ನಡೀಲಿಕ್ಕಿಲ್ಲ. ಪಿ.ಆರ್. ನನಗೆ, ನನ್ನ ಮಕ್ಕಳಿಗೆ, ಅಷ್ಟೇ," ಎಂದರು ಪ್ರಭಾಕರ ಮಾವ. ಆ ದಿನ ಸಂಜೀವ ಮಾವ ಬಂದವರ ವೀಸಾ ಕೇಳಲಿಲ್ಲ.

ಮರುವಾರ ಅವರು ನನ್ನ ಫೀಸಿಗೆಂದು ತೊಕ್ಕೊಟ್ಟಿನ ತಮ್ಮ ಜಾಗ ಮಾರಿದರು. ಅಮ್ಮ ಬೇಡವೆಂದು ಅತ್ತಳು. "ಅವರ ಕಾನೂನಿನಲ್ಲಿ ಇವಳು ಹೊರಗಿನವಳು ಆಗಿರಬಹುದು. ನನ್ನ ಜಾಗಕ್ಕೆ ಇವಳು ಡೊಮೆಸ್ಟಿಕ್ಕೇ," ಎಂದರು ಮಾವ. ನನಗೂ ಅಳು ಬಂತು. ಹಾಗೆಂದು ಅವರು ಸೋತವರಲ್ಲ. ನನಗೆ ಸ್ಪೆಷಲ್ ಡೊಮೆಸ್ಟಿಕ್ ರೇಟು ಆಗಿದೆ ಎಂದು ಪಂಪ್‌ವೆಲ್ ತುಂಬ ಸಾರಿದರು.

ನಾನು ಹೊರಟ ದಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲಿನವನು ಅವರನ್ನು ತಡೆದ. "ನಾನು ಸೋದರಮಾವ ಮಾರಾಯ," ಎಂದರು. ಅವನು ಟಿಕೇಟು ಕೇಳಿದ. ಮಾವ ನನ್ನ ಕಡೆ ತಿರುಗಿ, "ನಿನ್ನದು ಎಂತ ವೀಸಾ?" ಎಂದರು.

"ಸ್ಟೂಡೆಂಟ್, ಮಾವ."

"ಅದಕ್ಕೆ ಬನ್ಸ್ ಮಾತ್ರ," ಎಂದು ಬೆಚ್ಚಗಿನ ಪೊಟ್ಟಣವೊಂದನ್ನು ಕೈಗಿಟ್ಟು, ನಾನು ಒಳಗೆ ಮರೆಯಾಗುವವರೆಗೂ ಗಾಜಿನಾಚೆ ನಿಂತಿದ್ದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.

ಮರುವರ್ಷ ಪರೀಕ್ಷೆಯ ಹೊತ್ತಿಗೆ ಮಾವ ತೀರಿಕೊಂಡ ಸುದ್ದಿ ಬಂತು. ಬೊಜ್ಜಕ್ಕಾದರೂ, ಅಂದರೆ ಉತ್ತರಕ್ರಿಯೆಗಾದರೂ, ಊರು ಮುಟ್ಟಬೇಕೆಂದು ರಜೆ ಕೇಳಲು ವಿಶ್ವವಿದ್ಯಾಲಯದ ಕಚೇರಿಗೆ ಓಡಿದೆ. ಸಾವಿನ ರಜೆ ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಮಾತ್ರ, ಮಾವ ಹತ್ತಿರದ ಸಂಬಂಧವಲ್ಲ ಎಂದಳು ಅಲ್ಲಿದ್ದವಳು. ಅಂದು ಹೋಟೆಲಿನಲ್ಲಿ ನುಂಗಿದ್ದನ್ನೆಲ್ಲ ಆ ಕೌಂಟರಿನ ಮುಂದೆ, ದೊಡ್ಡ ದನಿಯಲ್ಲಿ, ಒಂದಕ್ಷರ ಬಿಡದೆ ಹೇಳಿದೆ. ನಮ್ಮಲ್ಲಿ ಅಪ್ಪ ಮನೆಗೆ ಬಂದವನು, ಮಾವ ಮನೆಯವನು ಎಂದೆ.

ಅವಳು ಪೂರ್ತಿ ಕೇಳಿಸಿಕೊಂಡು, "ಆದರೆ ಅವರು ಅಂಕಲ್ ತಾನೇ?" ಎಂದಳು.

ನಾನು ಕಣ್ಣೊರೆಸಿಕೊಂಡು, ನಿಮ್ಮದು ಯಾವ ಊರು ಎಂದು ಕೇಳಿದೆ.