ಬ್ಯಾಡ ಅನ್ನಿಸಿಕೊಳ್ಳಲು ತಿರುಗಿದ್ದು

ನಮ್ಮ ಕಡೆಯ ಬೋರಿನ ನೀರು ಸುಣ್ಣದ ಕಲ್ಲಿನೊಳಗಿಂದ ಬರುತ್ತದೆ. ಚಹಾ ಕಾಸುವ ಪಾತ್ರೆಯ ತಳದಲ್ಲಿ ಬಿಳಿ ಪದರು ಕಟ್ಟುತ್ತದೆ, ತೊಗರಿಬೇಳೆ ಎಷ್ಟು ಸೀಟಿ ಹೊಡೆಸಿದರೂ ಮೆತ್ತಗಾಗುವುದಿಲ್ಲ. ತೊಗರಿ ಬೆಳೆಯುವ ಸೀಮೆಯಲ್ಲೇ ಬೇಳೆ ಬೇಯುವುದಿಲ್ಲ ಅನ್ನುವುದು ನಮ್ಮ ಹೆಣ್ಣುಮಕ್ಕಳಿಗೆ ಬಹಳ ಸಿಟ್ಟು ತರುವ ಸಂಗತಿ. ಆ ಸಿಟ್ಟನ್ನೇ ನಂಬಿಕೊಂಡು ನಾನು ನೀರು ಶುದ್ಧ ಮಾಡುವ ಮಿಷಿನ್ ಮಾರುವ ಕೆಲಸಕ್ಕೆ ಸೇರಿದೆ. ಶಹಾಬಾದಿನಲ್ಲಿ ಮನೆ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಯ ತನಕ ಬೈಕಿನ ಮೇಲೆ ತಿರುಗಾಟ. ಹಿಂದಿನ ಸೀಟಿಗೆ ಒಂದು ಕ್ಯಾನ್ ಶುದ್ಧ ನೀರು ಕಟ್ಟಿಕೊಂಡು ಹೋಗುತ್ತಿದ್ದೆ. ಮನೆಯವರ ನೀರಿನಲ್ಲಿ ಒಂದು ಹಿಡಿ ಬೇಳೆ, ನನ್ನ ನೀರಿನಲ್ಲಿ ಒಂದು ಹಿಡಿ ಬೇಳೆ ಬೇಯಿಸಿ ತೋರಿಸುತ್ತಿದ್ದೆ. ನನ್ನದು ಬೆಣ್ಣೆಯಂತೆ ಬೇಯುತ್ತಿತ್ತು. ಎಲ್ಲರೂ ತಲೆದೂಗಿ "ಛಲೋ ಅದ ರೀ" ಅನ್ನುತ್ತಿದ್ದರು. ಅಲ್ಲಿಂದ ನನ್ನ ಗೋಳು ಶುರುವಾಗುತ್ತಿತ್ತು.

ಕಂಪನಿಯ ನಿಯಮ ಹೀಗಿತ್ತು. ಬೇಳೆ ಬೇಯಿಸಿ ತೋರಿಸಿದ ಪ್ರತಿ ಮನೆಯ ಹೆಸರೂ ನನ್ನ ಫೋನಿನ ಆ್ಯಪ್‌ನಲ್ಲಿ ಕೆಂಪಾಗಿ ಕೂರುತ್ತದೆ. ಕೊಂಡರೆ ಹಸಿರಾಗುತ್ತದೆ. ಬೇಡ ಎಂದರೆ ಅಳಿದುಹೋಗುತ್ತದೆ, ಆದರೆ ಹಾಗೆಂದು ನಾನು ಹೇಳಿದರೆ ನಡೆಯುವುದಿಲ್ಲ. ಹೆಡ್ ಆಫೀಸಿನಿಂದ ಒಬ್ಬ ಹುಡುಗಿ ಫೋನು ಮಾಡಿ ಕೇಳುತ್ತಾಳೆ, ಗಿರಾಕಿ ತನ್ನ ಬಾಯಿಂದಲೇ ಬೇಡ ಅನ್ನಬೇಕು. ಅಲ್ಲಿಯ ತನಕ ವಾರವಾರ ಫೋನು ಮಾಡುವುದು, ಮೆಸೇಜು ಹಾಕುವುದು, ಹೋಗಿ ಬಾಗಿಲು ಬಡಿಯುವುದು ನನ್ನ ಹಣೆಬರಹ. ಈ ನಿಯಮ ಮಾಡಿದವನು ಯಾವ ಊರಿನವನೋ, ನಮ್ಮ ಕಡೆಯವನಂತೂ ಅಲ್ಲ. ನಮ್ಮಲ್ಲಿ ಮನೆಗೆ ಬಂದವನ ಮುಖಕ್ಕೆ ಬ್ಯಾಡ ಅನ್ನುವುದೆಂದರೆ ಕತ್ತು ಹಿಡಿದು ಅಂಗಳಕ್ಕೆ ದಬ್ಬಿದ ಹಾಗೆ. "ನೋಡಮ್ರಿ" ಅನ್ನುತ್ತಾರೆ, "ತೊಗರಿ ರಾಶಿ ಆಗ್ಲಿ" ಅನ್ನುತ್ತಾರೆ, "ಮನ್ಯಾಗ ಕೇಳಿ ಹೇಳ್ತೀನಿ" ಅನ್ನುತ್ತಾರೆ. ಚಹಾ ಕೊಡುತ್ತಾರೆ. ಆಮೇಲೆ ಫೋನು ಎತ್ತುವುದಿಲ್ಲ.

ಚಿಂಚೋಳಿಯ ಒಬ್ಬ ಮಾಸ್ತರರು ನನ್ನ ಮೆಸೇಜುಗಳಿಗೆ ತಿಂಗಳುಗಟ್ಟಲೆ ಉತ್ತರ ಕೊಡಲಿಲ್ಲ, ಆದರೆ ನನ್ನ ಸ್ಟೇಟಸ್ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಎಲ್ಲರಿಗಿಂತ ಮೊದಲು ಅವರೇ ನೋಡುತ್ತಿದ್ದರು. ಸೇಡಂನಲ್ಲಿ ತೊಗರಿಯ ಅಡತಿ ಅಂಗಡಿ ಇಟ್ಟಿದ್ದ ಸಾಹುಕಾರರಿಗೆ ನನ್ನ ಬೈಕಿನ ಸದ್ದು ಗುರುತಾಗಿಬಿಟ್ಟಿತ್ತು. ನಾನು ಒಳಗೆ ಕಾಲಿಡುವಾಗ ಗಾದಿ ಇನ್ನೂ ಬೆಚ್ಚಗಿರುತ್ತಿತ್ತು, ಸಾಹುಕಾರರು ಇರುತ್ತಿರಲಿಲ್ಲ. ಕುಂಚಾವರಂ ಕಡೆಯವರು ಪುಣ್ಯವಂತರು, ಅಲ್ಲಿ ನೆಟ್‌ವರ್ಕೇ ಸಿಗುವುದಿಲ್ಲವಾದ್ದರಿಂದ ಯಾರೂ ಸುಳ್ಳು ಹೇಳಬೇಕಾಗಿರಲಿಲ್ಲ. ವಾಡಿಯಲ್ಲಿ ರೈಲ್ವೆ ಗೇಟು ಬಿದ್ದಾಗಲೆಲ್ಲ ನಾನು ಬೈಕ್ ನಿಲ್ಲಿಸಿ ಒಬ್ಬೊಬ್ಬರಿಗೇ ಫೋನು ಹಚ್ಚುತ್ತಿದ್ದೆ. ಸಿಮೆಂಟಿನ ಗೂಡ್ಸ್ ಗಾಡಿ ಪೂರಾ ದಾಟಿ ಹೋದರೂ ಒಬ್ಬರೂ ಎತ್ತಿರುತ್ತಿರಲಿಲ್ಲ. ಹೋದರೆ ಅವರಿಗೆ ಬೇಸರ, ಹೋಗದಿದ್ದರೆ ಆಫೀಸಿಗೆ ಬೇಸರ. ಸಿಟ್ಟು ಬರುತ್ತಿತ್ತು, ಆದರೆ ಯಾರ ಮೇಲೆ ಸಿಟ್ಟಾಗಬೇಕೆಂದು ಗೊತ್ತಾಗುತ್ತಿರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಹಿತ್ತಲ ಬಾಗಿಲಿನಿಂದ ಓಡುತ್ತಿದ್ದೆ.

ಹೊಟ್ಟೆಪಾಡು ಎಂದು ಇದನ್ನೆಲ್ಲ ಸಹಿಸಿಕೊಂಡಿದ್ದೆ. ಸಹಿಸಲಾಗದೇ ಹೋದದ್ದು ಮಗನ ಜಾವಳದ ಹೊತ್ತಿಗೆ. ಮಗುವಿನ ಮೊದಲ ಕೂದಲು ತೆಗೆಸುವ ಆ ಶಾಸ್ತ್ರಕ್ಕೆ ಸೋದರಮಾವ ಬೇಕೇ ಬೇಕು, ಅವನ ತೊಡೆಯ ಮೇಲೆ ಕೂರಿಸಿಯೇ ಕತ್ತರಿ ಹಾಕಬೇಕು. ನನ್ನ ಹೆಂಡತಿಯ ತಮ್ಮ ವಾಡಿಯಲ್ಲಿದ್ದಾನೆ. ಅವನಿಗೂ ಒಮ್ಮೆ ಬೇಳೆ ಬೇಯಿಸಿ ತೋರಿಸಿದ್ದೆ. ನಿಜ ಹೇಳಬೇಕೆಂದರೆ ಬೀಗರು, ಗೆಳೆಯರು, ಓಣಿಯವರು ಯಾರನ್ನೂ ಬಿಟ್ಟಿರಲಿಲ್ಲ. ಜಾವಳಕ್ಕೆ ಕರೆಯಲು ಫೋನು ಮಾಡಿದರೆ ಅವನು ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಉಳಿದವರಿಗೆ ಹಚ್ಚಿದರೆ ಅವರದೂ ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಕೊನೆಗೆ ಹೆಂಡತಿ ತನ್ನ ಫೋನಿನಿಂದ ತಮ್ಮನಿಗೆ ಹಚ್ಚಿದಳು, ಅವನು ಕೂಡಲೇ ಮಾತಾಡಿದ. "ಭಾವಂದು ಫೋನ್ ಬಂದಿತ್ತು ಅಕ್ಕಾ. ಮತ್ತ ಅದೇ ಬ್ಯಾಳಿ ಮಾತು ಇರ್ಬೇಕು ಅಂತ ಎತ್ಲಿಲ್ಲ" ಅಂದದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

ಜಾವಳಕ್ಕೆ ಎಲ್ಲರೂ ಬಂದರು, ಹೋಳಿಗೆ ಉಂಡರು. ನಾನು ಯಾರ ಪಕ್ಕದಲ್ಲಿ ಹೋಗಿ ಕೂತರೂ ಅವರು ಸ್ವಲ್ಪ ಬಿಗಿಯಾಗುತ್ತಿದ್ದರು, ಎಲ್ಲಿ ಶುರು ಹಚ್ಚಿಕೊಳ್ಳುತ್ತಾನೋ ಎಂದು. ಹುಟ್ಟಿದಾಗಿನಿಂದ ನೋಡಿದ ಜನ. ನನಗೆ ಅಳು ಬಂತು. ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದು ಎಲೆ ಎತ್ತುವ ಕೆಲಸಕ್ಕೆ ನಿಂತೆ.

ಅದೇ ಸುಮಾರಿಗೆ ಶಹಾಬಾದ್, ವಾಡಿಯ ಮಿಷಿನ್‌ಗಳನ್ನು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಸಿಮೆಂಟ್ ಕಾರ್ಖಾನೆಗೆ ಸೇರಿಕೊಂಡು ಕೆಲಸ ಬಿಟ್ಟ. ಆ ಜಾಗ ನನಗೆ ಬೇಕಾಗಿತ್ತು. ನಾನು ಐಟಿಐ ಕಲಿತವನು, ಕೈಗೆ ಕೆಲಸ ಗೊತ್ತು. ಅದಕ್ಕಿಂತ ಹೆಚ್ಚಾಗಿ, ರಿಪೇರಿ ಮಾಡುವವನು ಯಾರ ಬೆನ್ನೂ ಹತ್ತಬೇಕಾಗಿಲ್ಲ, ಜನವೇ ಅವನನ್ನು ಹುಡುಕಿ ಫೋನು ಮಾಡುತ್ತಾರೆ. ಯಾರಿಗೂ ಏನನ್ನೂ ಮಾರದ ಮನುಷ್ಯನಾಗಿ, ಬರೀ ಭಾವನಾಗಿ, ಬರೀ ಗೆಳೆಯನಾಗಿ ಒಂದು ಫೋನು ಮಾಡಿದರೆ ಜನ ಎತ್ತಬಹುದು ಎಂದು ಆಸೆಪಟ್ಟೆ. ಕಲಬುರಗಿಯಲ್ಲಿರುವ ಮ್ಯಾನೇಜರನನ್ನು ಕೇಳಿದೆ. ನನಗಿಂತ ಚಿಕ್ಕವನು, ಮರ್ಯಾದೆಯ ಹುಡುಗ. "ಆಯ್ತು ಅಣ್ಣಾರ, ಆ ಜಾಗ ನಿಮಗೇ. ಆದ್ರ ತಿಂಗಳ ಆಖ್ರಿಗಿ ನಿಮ್ಮ ಹೆಸರಿನ ಮ್ಯಾಲ ಒಂದೂ ಕೆಂಪು ಇರಬಾರ್ದು ನೋಡ್ರಿ. ಇದ್ರ ಆಫೀಸಿನವ್ರು ಬಿಡಂಗಿಲ್ಲ" ಅಂದ.

ಹಾಗೆ ನಾನು ಬ್ಯಾಡ ಅನ್ನಿಸಿಕೊಳ್ಳಲು ಹೊರಟೆ. ಸೇಡಂನ ಸಾಹುಕಾರರನ್ನು ಈ ಸಲ ಹಿಂದಿನ ಬಾಗಿಲಿನಲ್ಲೇ ಕಾದು ಹಿಡಿದೆ. ಆಫೀಸಿನಿಂದ ಫೋನು ಬರುತ್ತದೆ, ಬ್ಯಾಡ ಅಂದುಬಿಡಿ ಸಾಕು ಎಂದು ಕೇಳಿಕೊಂಡೆ. ಹೂಂ ಅಂದರು. ಫೋನು ಬಂದಾಗ ನನ್ನ ಎದುರಿನಲ್ಲೇ, "ತಗೋತೀವ್ರಿ, ಜರಾ ತಡ ಆಗ್ತದ. ನಿಮ್ಮ ಮನಷ್ಯಾ ಭಾಳ ಛಲೋ ಇದ್ದಾನ, ಅವಂದೇನೂ ತಪ್ಪಿಲ್ಲ" ಎಂದರು. ನಾನು ತಲೆ ಹಿಡಿದುಕೊಂಡು ಕೂತೆ.

"ಬ್ಯಾಡ ಅಂದ್ರ ನಿನ್ನ ನೌಕರಿಗಿ ತ್ರಾಸ ಆಗ್ತದ ಅಂತ ಹಂಗಂದೆನಪಾ" ಎಂದು ನನಗೇ ಸಮಾಧಾನ ಹೇಳಿದರು. ಇಷ್ಟು ದಿನ ನನ್ನನ್ನು ಕಂಡು ಓಡಿದ್ದೂ ನನ್ನ ಮೇಲಿನ ಕನಿಕರದಿಂದಲೇ ಅಂತೆ. ಎಲ್ಲ ಬಿಡಿಸಿ ಹೇಳಿದ ಮೇಲೆ ನಕ್ಕರು, ಎರಡನೇ ಸಲ ಫೋನು ಬಂದಾಗ ಬ್ಯಾಡ ಎಂದರು. ಹಾಗೆ ಅನ್ನುವಾಗ ನನ್ನ ಮುಖ ನೋಡದೆ ತಕ್ಕಡಿಯ ಕಡೆ ತಿರುಗಿಕೊಂಡಿದ್ದರು. ಚಿಂಚೋಳಿಯ ಮಾಸ್ತರರಿಗೆ, ದಯಮಾಡಿ ಬೇಡ ಎಂದು ಹೇಳಿ ಸರ್, ನನಗೆ ಬೇರೆ ಕೆಲಸ ಸಿಗುತ್ತದೆ ಎಂದು ಮೆಸೇಜು ಹಾಕಿದೆ. ಕೈಮುಗಿದ ಚಿತ್ರ ಆ ಕ್ಷಣವೇ ಬಂತು. ಹೀಗೆ ಒಂದೊಂದೇ ಕೆಂಪು ಅಳಿಯುತ್ತ ಬಂದು, ತಿಂಗಳ ಕೊನೆಯ ಹೊತ್ತಿಗೆ ಹೊಳೆದಂಡೆಯ ಹಳ್ಳಿ ದಂಡೋತಿಯದೊಂದು ಉಳಿಯಿತು.

ಆ ಮನೆಯಲ್ಲಿದ್ದವರು ಒಬ್ಬ ಹಿರಿಯ ಹೆಂಗಸು. ಮಗ ಸೊಸೆ ಹೊಲಕ್ಕೆ ಹೋದರೆ ಹಗಲೆಲ್ಲ ಮನೆ ಅವರದೇ. ಹಣೆ ತುಂಬ ವಿಭೂತಿ, ಮಾತಿನಲ್ಲಿ ಯಾವಾಗಲೂ ಅವಸರವಿಲ್ಲ. ಫೋನನ್ನು ಗೋಡೆಯ ಗೂಡಿನಲ್ಲಿಟ್ಟು ಮರೆತುಬಿಡುತ್ತಿದ್ದರು, ಆಫೀಸಿನವರು ಎಷ್ಟು ಸಲ ಹಚ್ಚಿದರೂ ಎತ್ತಿರಲಿಲ್ಲ. ನಾನು ಹೋದಾಗ ಎಂದಿನಂತೆ "ಬಾ ತಮ್ಮಾ, ಕುಂದ್ರು, ಬಿಸಲಾಗ ಬಂದಿ" ಎಂದು ಮಜ್ಜಿಗೆ ಕೊಟ್ಟರು. ನಾನು ಕುಡಿದು, ನೇರವಾಗಿ ವಿಷಯಕ್ಕೆ ಬಂದೆ.

"ಅವ್ವಾರ, ನಿಮ್ಮಿಂದ ಒಂದ್ ಉಪಕಾರ ಆಗ್ಬೇಕ್ರಿ. ಮಿಷಿನ್ ಬ್ಯಾಡ ಅಂತ ಫೋನಿನ್ಯಾಗ ಒಂದ್ ಮಾತು ಹೇಳ್ರಿ."

"ಯಾಕ? ನಾ ಯಾವತ್ತಾರ ಬ್ಯಾಡ ಅಂದೀನೇನು?"

"ಅಂದಿಲ್ರಿ, ಅದೇ ತ್ರಾಸ ಆಗ್ಯಾದ. ನನ್ನ ಫೋನ್ ಯಾರೂ ಎತ್ತಂಗಿಲ್ಲ, ನಮ್ಮ ಮನಿ ಮಂದಿ ಸೈತ ಎತ್ತಂಗಿಲ್ಲ. ನೀವು ಬ್ಯಾಡ ಅಂದ್ರ ನನಗ ಬ್ಯಾರೆ ಕೆಲಸ ಸಿಗ್ತದ."

ಅವರು ನನ್ನ ಮುಖವನ್ನೇ ನೋಡಿದರು. "ಬ್ಯಾಡ ಅಂದ್ರ ಕೆಲಸ ಹೋಗ್ತದ ಅಂತ ಕೇಳೀನಿ. ಸಿಗ್ತದ ಅಂತ ಎಲ್ಲೂ ಕೇಳಿಲ್ಲ ತಮ್ಮಾ. ನಿನಗ ಏನೋ ಕಷ್ಟ ಬಂದಾದ, ಬಾಯಿ ಬಿಟ್ಟು ಹೇಳವಲ್ಲಿ."

"ಖರೇ ಹೇಳಾಕತ್ತೀನ್ರಿ ಅವ್ವಾರ."

"ನಮ್ಮತ್ತಿ ಇದ್ದಾಗಿಂದ ಈ ಮನಿ ಬಾಗಲಿಗಿ ಬಂದವರಿಗಿ ಬರಿಗೈಲೆ ಕಳಿಸಿಲ್ಲ. ನೀ ಬರೀ ಮಜ್ಜಿಗಿ ಕುಡ್ದು ಹೊಂಟಾಗ ನನಗ ಮನಸಿಗಿ ಸಮಾಧಾನ ಇರ್ತಿದ್ದಿಲ್ಲ. ತಗೋತೀನಿ ಅಂತ ಹೇಳು ಅವ್ರಿಗಿ."

ನಾನು ಗಡಬಡಿಸಿ ಲೋಟ ಕೆಳಗಿಟ್ಟೆ. "ಬ್ಯಾಡ್ರಿ, ನಿಮ್ಮದು ಹೊಳಿ ನೀರು, ಬ್ಯಾಳಿ ಛಲೋನೇ ಬೇಯ್ತದ. ನಿಮಗ ಮಿಷಿನ್ ಗರಜಿಲ್ಲ" ಎಂದೆ. ಆ ಕೆಲಸಕ್ಕೆ ಸೇರಿದ ಮೇಲೆ ಅಷ್ಟು ನಿಜವಾದ ಮಾತನ್ನು ನಾನು ಯಾವ ಗಿರಾಕಿಗೂ ಹೇಳಿರಲಿಲ್ಲ. ಅದೇ ನನಗೆ ಮುಳುವಾಯಿತು. ತಾನು ಮಾರುವ ವಸ್ತುವನ್ನು ತಾನೇ ಬ್ಯಾಡ ಅನ್ನುವ ಮನುಷ್ಯ ಎಷ್ಟು ಒಳ್ಳೆಯವನಿರಬೇಕು ಎಂದು ಅವರ ಕಣ್ಣು ತುಂಬಿ ಬಂತು. ಗೂಡಿನಿಂದ ಫೋನು ತಂದು ನನ್ನ ಕೈಗೆ ಕೊಟ್ಟು, "ಹಚ್ಚಿ ಕೊಡು, ನಾನೇ ಹೇಳ್ತೀನಿ" ಎಂದರು. ಹಚ್ಚಿ ಕೊಟ್ಟೆ. ಸಂಜೆ ಮಗ ಬಂದು ಸುದ್ದಿ ಕೇಳಿ ಆಗಲಿ ಎಂದ, ಆ ಮನೆಯಲ್ಲಿ ತಾಯಿಯ ಮಾತಿಗೆ ಎದುರಾಡುವವರಿರಲಿಲ್ಲ.

ಮೆಕ್ಯಾನಿಕ್ ಇಲ್ಲದ್ದರಿಂದ ಮಿಷಿನ್ ಕೂರಿಸಲು ನಾನೇ ಹೋದೆ. ಅಡುಗೆಮನೆಯ ಗೋಡೆಗೆ ತೂತು ಕೊರೆದು, ಪೈಪು ಜೋಡಿಸುತ್ತ, ನಲ್ಲಿ ಬಿಗಿಯುತ್ತ ಇದ್ದೆ. ಕೈಗೆ ಹಿತವಾಗಿತ್ತು. ಕೆಂಪು ಒಂದೂ ಉಳಿದಿಲ್ಲ, ಮುಂದಿನ ವಾರದಿಂದ ದಿನವೂ ಇದೇ ಕೆಲಸ ಅಂದುಕೊಂಡು ಬಾಯಲ್ಲಿ ಸೀಟಿ ಕೂಡ ಹಾಕಿದೆ. ಆಗ ಮ್ಯಾನೇಜರನ ಫೋನು ಬಂತು.

"ಅಣ್ಣಾರ, ಮ್ಯಾಲಿನವ್ರು ಭಾಳ ಖುಷಿ ಆಗ್ಯಾರ. ಯಾರ ಫೋನೂ ಎತ್ತದ ಗಿರಾಕಿ ತಾನೇ ಫೋನ್ ಹಚ್ಚಿ ತಗೋತೀನಿ ಅಂದಾರ. ಇಂಥವ್ರನ್ನ ರಿಪೇರಿಗಿ ಹಾಕ್ತಾರೇನು ಅಂದ್ರು. ಅದಕ್ಕ ಬ್ಯಾರೆ ಹುಡುಗನ್ನ ನೋಡ್ಯಾರ."

"ನೀವು ಮಾತು ಕೊಟ್ಟಿದ್ರಿ" ಎಂದೆ.

"ಕೊಟ್ಟಿದ್ದೆ ಅಣ್ಣಾರ. ನನ್ನ ಕೈಯಾಗ ಏ‌ನದ ಹೇಳ್ರಿ. ಮುಂದಿನ ಸಲ ನೋಡಮ್ರಿ."

ನಾನು ಸ್ಪ್ಯಾನರ್ ಹಿಡಿದು ಗೋಡೆಗೆ ಮುಖ ಮಾಡಿ ನಿಂತೆ. ಇವತ್ತೇ ಬಿಟ್ಟೆ ನಿಮ್ಮ ನೌಕರಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮನೆ ಬಾಡಿಗೆ, ಮಗನ ಹಾಲು ನೆನಪಾಗಿ ನುಂಗಿಕೊಂಡೆ. ಬಾವಿಯಲ್ಲಿ ಬಿದ್ದವನಿಗೆ ಮೇಲಿನಿಂದ ಹಗ್ಗ ತೋರಿಸಿ ಹಿಂದಕ್ಕೆ ಎಳೆದುಕೊಂಡ ಹಾಗೆ ಆಗಿತ್ತು ನನಗೆ. ಉಳಿದ ಪೈಪನ್ನು ಜೋಡಿಸಿದೆ.

ಮಿಷಿನ್‌ನ ಮೊದಲ ಲೋಟ ನೀರನ್ನು ಆ ತಾಯಿ ನನಗೇ ಕುಡಿಸಿದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಬಹಳ ಸಂತೋಷದಿಂದ ಹೇಳಿದರು.

"ನನಗ ಮೂರ್ ಮಂದಿ ಹೆಣ್ಮಕ್ಕಳು ತಮ್ಮಾ. ಸೇಡಂಗ ಒಬ್ಬಾಕಿ, ವಾಡಿಗಿ ಒಬ್ಬಾಕಿ, ಚಿಂಚೋಳಿಗಿ ಒಬ್ಬಾಕಿ ಕೊಟ್ಟೀನಿ. ಮೂವರಿಗೂ ಹೇಳೀನಿ. ಯಾರೂ ಫೋನ್ ಎತ್ತಂಗಿಲ್ಲ ಅಂತ ಅಂದಿದ್ದಿ ಅಲ್ಲ, ಇವರು ಎತ್ತತಾರ. ಅವನಿಗಿ ಬ್ಯಾಡ ಅನ್ನಬ್ಯಾಡ್ರಿ ಅಂತ ಆಣಿ ಹಾಕೀನಿ."

ನಾನು ಅವರ ಕಾಲಿಗೆ ನಮಸ್ಕಾರ ಮಾಡಿ ಬಂದೆ. ಬೇರೆ ಏನು ಮಾಡಬೇಕಿತ್ತೋ ನನಗೆ ಇವತ್ತಿಗೂ ತಿಳಿಯುವುದಿಲ್ಲ.

ಮರುದಿನ ಸೇಡಂನ ಮಗಳಿಗೆ ಫೋನು ಮಾಡಿದೆ. ಎಷ್ಟೋ ತಿಂಗಳುಗಳ ಮೇಲೆ ನನ್ನ ಫೋನನ್ನು ಒಬ್ಬರು ಮೊದಲ ರಿಂಗಿಗೇ ಎತ್ತಿದ್ದರು. ಗಾಬರಿಯಲ್ಲಿ ನಾನು ಮಾರುವ ಮಾತೆಲ್ಲ ಮರೆತು ಬರೀ ನನ್ನ ಹೆಸರು ಹೇಳಿದೆ.

"ಯಾರ್ರಿ? ಗೊತ್ತಾಗ್ಲಿಲ್ಲ" ಎಂದರು ಆಕೆ. ಸ್ವಲ್ಪ ತಡೆದು, "ಹಾಂ, ಮಿಷಿನ್‌ದವರೇನ್ರಿ?" ಎಂದು ಕೇಳಿದರು.

ಹೌದು ಎಂದೆ.